ಅಭಯದಾನವೂ ಮನೆಗೊಂದು ಹಣವೂ

ದಾನಗಳು ನಾಲ್ಕು ಎಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಮಾತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಬೆರಳು ಮಡಿಸಿ ಎಣಿಸುತ್ತೇವೆ. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ತೆರೆದು ನೋಡಿದರೆ ಅಲ್ಲಿ ನಾಲ್ಕನೆಯದಾಗಿ ನಿಂತಿರುವುದು ಅಭಯವಲ್ಲ, ಆವಾಸ. ಅಂದರೆ ಇರಲು ಒಂದು ಎಡೆ. ಭಯಪಟ್ಟವನಿಗೆ ‘ಹೆದರಬೇಡ’ ಎಂದು ಹೇಳುವುದು ಸುಲಭ. ಅವನಿಗೆ ತಲೆಯ ಮೇಲೊಂದು ಸೂರನ್ನು ಕೊಟ್ಟಾಗ ಮಾತ್ರ ಆ ಮಾತಿಗೆ ಬೆಲೆ ಬರುತ್ತದೆ. ಆಚಾರ್ಯರು ಈ ಶಬ್ದವನ್ನು ಬಳಸಿರುವುದು ಮುನಿಗಳ ವೈಯಾವೃತ್ಯದ ಪ್ರಸಂಗದಲ್ಲಿ ಎಂಬುದನ್ನು ಬಲ್ಲೆ. ಆದರೂ ಅಭಯ ಮತ್ತು ಆವಾಸ ಎಂಬ ಎರಡು ಶಬ್ದಗಳು ಒಂದೇ ಸ್ಥಾನದಲ್ಲಿ ಬಂದು ಕುಳಿತಿರುವುದು ನನಗೆ ಬಹುಕಾಲದಿಂದ ಚಿಂತನೆಯ ವಿಷಯವಾಗಿದೆ.

ಈ ನಾಲ್ಕನೆಯ ದಾನಕ್ಕೆ ಉದಾಹರಣೆಯಾಗಿ ಆಚಾರ್ಯರು ಹೆಸರಿಸುವುದು ರಾಜನನ್ನಲ್ಲ, ಶ್ರೇಷ್ಠಿಯನ್ನಲ್ಲ, ಒಂದು ಹಂದಿಯನ್ನು. ಪ್ರಭಾಚಂದ್ರರ ಟೀಕೆಯಲ್ಲಿ ಆ ಕಥೆ ವಿಸ್ತಾರವಾಗಿ ಬರುತ್ತದೆ. ಮಾಲವ ದೇಶದ ಘಟಗ್ರಾಮದಲ್ಲಿ ದೇವಿಲನೆಂಬ ಕುಂಬಾರನೂ ಧಮಿಲ್ಲನೆಂಬ ನಾಪಿತನೂ ಕೂಡಿ ದಾರಿಹೋಕರಿಗಾಗಿ ಒಂದು ತಂಗುಮನೆಯನ್ನು ಕಟ್ಟಿಸಿದರು. ದೇವಿಲನು ಅದರಲ್ಲಿ ಒಬ್ಬ ಮುನಿಗೆ ಇಳಿದುಕೊಳ್ಳಲು ಎಡೆ ಕೊಟ್ಟನು. ಧಮಿಲ್ಲನು ತನಗೆ ಬೇಕಾದ ಒಬ್ಬ ಪರಿವ್ರಾಜಕನನ್ನು ಕರೆತಂದನು, ಮತ್ತು ಅವರಿಬ್ಬರೂ ಸೇರಿ ಮುನಿಯನ್ನು ಹೊರಗೆ ಹಾಕಿದರು. ಮುನಿಯು ಆ ರಾತ್ರಿಯನ್ನು ಮರದಡಿಯಲ್ಲಿ ಚಳಿಯನ್ನೂ ಸೊಳ್ಳೆಗಳನ್ನೂ ಸಹಿಸಿ ಕಳೆದನು. ಬೆಳಗಾದ ಮೇಲೆ ಪಾಲುದಾರರಿಬ್ಬರೂ ಇದೇ ಕಾರಣಕ್ಕಾಗಿ ಹೊಡೆದಾಡಿ ಸತ್ತರು. ವಿಂಧ್ಯದ ಕಾಡಿನಲ್ಲಿ ಒಬ್ಬನು ಹಂದಿಯಾಗಿ, ಇನ್ನೊಬ್ಬನು ಹುಲಿಯಾಗಿ ಹುಟ್ಟಿದರು. ಗುಹೆಯೊಂದರಲ್ಲಿ ಮುನಿಗಳಿದ್ದಾಗ ಮನುಷ್ಯರ ವಾಸನೆ ಹಿಡಿದು ಬಂದ ಹುಲಿಯನ್ನು ಹಂದಿಯು ಗುಹೆಯ ಬಾಗಿಲಲ್ಲಿ ತಡೆಯಿತು. ಎರಡೂ ಕಾದಾಡಿ ಮಡಿದವು. ಹಂದಿಗೆ ಸ್ವರ್ಗ, ಹುಲಿಗೆ ನರಕ.

ಪ್ರವಚನಗಳಲ್ಲಿ ಈ ಕಥೆಯನ್ನು ಕೇಳಿ ನಾವು ತಲೆದೂಗುತ್ತೇವೆ. ನನ್ನನ್ನು ಮಾತ್ರ ಒಂದು ಸಂದೇಹವು ಬಿಡದೆ ಕಾಡಿದೆ. ದೇವಿಲನ ಸ್ಥಾನದಲ್ಲಿ ನಿಂತ ನಾವು, ಮುನಿಯು ಒಳಗಿದ್ದು ಪರಿವ್ರಾಜಕನು ಮರದಡಿಯಲ್ಲಿ ರಾತ್ರಿ ಕಳೆಯಬೇಕಾಗಿ ಬಂದಿದ್ದರೆ ಏನು ಮಾಡುತ್ತಿದ್ದೆವು? ಕಥೆ ಅದನ್ನು ಹೇಳುವುದಿಲ್ಲ, ಹೇಳುವುದು ಅದರ ಉದ್ದೇಶವೂ ಅಲ್ಲ. ಇತಿಹಾಸ ಮಾತ್ರ ಈ ಪ್ರಶ್ನೆಯನ್ನು ನಮ್ಮ ಮುಂದೆ ಮತ್ತೆ ಮತ್ತೆ ಇಟ್ಟಿದೆ. ಒಮ್ಮೆ ಹೊರಗೆ ಹಾಕಲ್ಪಟ್ಟವರ ಜಾಗದಲ್ಲಿ ನಮ್ಮನ್ನು ನಿಲ್ಲಿಸಿ, ಇನ್ನೊಮ್ಮೆ ತಂಗುಮನೆಯ ಬೀಗದ ಕೈಯನ್ನು ನಮ್ಮ ಕೈಯಲ್ಲಿಯೇ ಇಟ್ಟು.

ಮೊದಲನೆಯದಕ್ಕೆ ಶ್ರವಣಬೆಳಗೊಳದ ಭಂಡಾರಿ ಬಸದಿಗೆ ಹೋಗಬೇಕು. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ ಈ ಬಸದಿಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ದರ್ಶನ ಪಡೆಯುವ ಆತುರದಲ್ಲಿ ಯಾತ್ರಿಕರು ಅಲ್ಲಿ ನಿಂತಿರುವ ಒಂದು ಶಾಸನದ ಕಲ್ಲನ್ನು ಗಮನಿಸದೆ ಮುಂದೆ ಹೋಗುತ್ತಾರೆ. ಅದು ವಿಜಯನಗರದ ಬುಕ್ಕರಾಯನ ಕಾಲದ್ದು. ಶಕ 1290, ಕೀಲಕ ಸಂವತ್ಸರ, ಭಾದ್ರಪದ ಮಾಸ; ಕ್ರಿಸ್ತಶಕದ ಲೆಕ್ಕದಲ್ಲಿ 1368. ಇದರ ಪ್ರತಿಯೊಂದು ಮಾಗಡಿಯ ಬಳಿಯ ಕಲ್ಯದಲ್ಲಿಯೂ ಇದೆ. ರೈಸ್ ಸಾಹೇಬರೂ ತರುವಾಯ ಆರ್. ನರಸಿಂಹಾಚಾರ್ಯರೂ ಬೆಳಗೊಳದ ಶಾಸನಗಳನ್ನು ಸಂಪುಟವಾಗಿ ಪ್ರಕಟಿಸಿದ ಮೇಲೆ ಇದು ವಿದ್ವಾಂಸರಲ್ಲಿ ಪ್ರಸಿದ್ಧವಾಯಿತು. ನಮ್ಮ ಸಭೆಗಳಲ್ಲಿ ಸರ್ವಧರ್ಮ ಸಮಭಾವದ ಮಾತು ಬಂದಾಗಲೆಲ್ಲ ಇದರ ಹೆಸರು ಕೇಳಿಬರುತ್ತದೆ. ಆದರೆ ಪೂರ್ತಿ ಓದಿದವರು ಕಡಿಮೆ. ಓದಿದವರೂ ಅದರ ಮೊದಲರ್ಧವನ್ನು ಹೊಗಳಿ ಉತ್ತರಾರ್ಧವನ್ನು ಬಿಟ್ಟುಬಿಡುತ್ತಾರೆ. ವ್ಯಾಪಾರದಲ್ಲಿ ಬಾಳಿದ ನನಗೆ ಉತ್ತರಾರ್ಧವೇ ಹೆಚ್ಚು ಮಹತ್ತ್ವದ್ದಾಗಿ ಕಾಣುತ್ತದೆ.

ಪ್ರಸಂಗ ಹೀಗಿದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಪಟ್ಟಣಗಳ ಮತ್ತು ಸಮಸ್ತ ನಾಡುಗಳ ಭವ್ಯಜನರು ಕೂಡಿ, ಭಕ್ತರು ತಮಗೆ ಮಾಡುತ್ತಿರುವ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಭಕ್ತರೆಂದರೆ ಇಲ್ಲಿ ಶ್ರೀವೈಷ್ಣವರು. ಅನ್ಯಾಯವೇನೆಂದು ಶಾಸನವು ವಿಸ್ತರಿಸುವುದಿಲ್ಲ. ಅರಸನು ಕೊಟ್ಟ ನಿರ್ಣಯದಿಂದಲೇ ನಾವು ಅದನ್ನು ಊಹಿಸಬೇಕು. ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲತಕ್ಕವು ಎಂದು ಅವನು ವಿಧಿಸಿದನು. ಎಂದರೆ ನಮ್ಮವರ ಮೆರವಣಿಗೆಯ ಮುಂದೆ ವಾದ್ಯ ಊದುವುದನ್ನು, ಕಳಶ ಹಿಡಿಯುವುದನ್ನು ತಡೆಯಲಾಗಿತ್ತು.

ಇದು ಸಣ್ಣ ವಿಷಯವೆಂದು ತೋರಬಹುದು. ಯಾರ ಪ್ರಾಣವನ್ನೂ ಯಾರೂ ತೆಗೆದಿರಲಿಲ್ಲ, ವಾದ್ಯ ನಿಂತರೆ ಆದ ನಷ್ಟವೇನು ಎಂದು ಕೇಳುವವರು ಇಂದಿಗೂ ಇದ್ದಾರೆ. ಅಲ್ಪಸಂಖ್ಯಾತರ ಮೇಲಿನ ಕಿರುಕುಳದ ಚರಿತ್ರೆಯನ್ನು ಎಲ್ಲಿಯೇ ನೋಡಿದರೂ ಅದು ಕತ್ತಿಯಿಂದ ಆರಂಭವಾಗುವುದು ಅಪರೂಪ. ಮೊದಲು ವಾದ್ಯ ನಿಲ್ಲುತ್ತದೆ. ಅನಂತರ ಬೀದಿ ಮುಚ್ಚುತ್ತದೆ. ಆಮೇಲೆ ಬಸದಿಯ ಗೋಡೆ ಬೀಳುತ್ತದೆ, ಅದನ್ನು ಎತ್ತಿ ನಿಲ್ಲಿಸಲು ಜನರಿರುವುದಿಲ್ಲ. ಗೋಡೆ ಬಿದ್ದ ಪ್ರಸಂಗವೂ ನಮಗೆ ಗೊತ್ತಿಲ್ಲದ್ದಲ್ಲ. ಏಕಾಂತದ ರಾಮಯ್ಯನ ಕಾಲದಲ್ಲಿ ನಡೆದುದನ್ನು ಅಬ್ಬಲೂರಿನ ಶಾಸನವು ಗೆದ್ದವರ ದೃಷ್ಟಿಯಿಂದ ಹೇಳಿಯೇ ಇದೆ. 1368ರಲ್ಲಿ ಬೆಳಗೊಳಕ್ಕೆ ಓಡಿ ಬಂದವರು ಯಾರೂ ಇರಲಿಲ್ಲ. ಓಡಬೇಕಾಗಿ ಬರುವುದಕ್ಕೆ ಮೊದಲೇ ಕಲ್ಲೇಹದ ಒಬ್ಬ ಸೆಟ್ಟಿ ಅರಸನ ಬಾಗಿಲಿಗೆ ಹೋಗಿದ್ದನು.

ಅರಸನು ಮಾಡಿದ್ದನ್ನು ನೋಡಿ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆ ಮೊದಲಾದ ಸ್ಥಾನಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕರೆಯಿಸಿದನು. ಆಚಾರ್ಯರನ್ನಷ್ಟೇ ಅಲ್ಲ, ತಿರುಕುಲ, ಜಾಂಬವಕುಲ ಎಂದು ಶಾಸನವು ಕರೆಯುವ, ಸಮಾಜವು ಕೆಳಗೆ ತಳ್ಳಿದ್ದ ಭಕ್ತರನ್ನೂ ಆ ಪಟ್ಟಿಯಲ್ಲಿ ಸೇರಿಸಿದನು. ಇದು ಬಹಳ ವಿವೇಕದ ಕೆಲಸವೆಂದು ನನ್ನ ಅಭಿಪ್ರಾಯ. ಮೇಲಿನ ಪೀಠಗಳು ಒಪ್ಪಂದ ಮಾಡಿಕೊಂಡು ಬೀದಿಯ ಜನರಿಗೆ ಅದು ತಿಳಿಯದೆ ಹೋದರೆ ಒಪ್ಪಂದ ಕಾಗದದ ಮೇಲೆಯೇ ಉಳಿಯುತ್ತದೆ. ಅನಂತರ ಅವರೆಲ್ಲರ ಎದುರಿನಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿದನು. ಜೈನದರ್ಶನಕ್ಕೆ ಭಕ್ತರಿಂದ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ ವೈಷ್ಣವರು ಅದನ್ನು ತಮ್ಮ ಹಾನಿ, ತಮ್ಮ ವೃದ್ಧಿ ಎಂದೇ ಎಣಿಸತಕ್ಕದ್ದು ಎಂದು ಕಟ್ಟುಮಾಡಿದನು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲಿ ನಿಲ್ಲಿಸುವ ಹೊಣೆ ಜೈನರದಲ್ಲ, ಶ್ರೀವೈಷ್ಣವರದು.

ಇಲ್ಲಿಯವರೆಗೆ ಎಲ್ಲರೂ ಓದುತ್ತಾರೆ. ಮುಂದಿನದು ಲೆಕ್ಕದ ಭಾಗ. ರಾಜ್ಯದಲ್ಲಿ ಜೈನರ ಮನೆ ಎಷ್ಟಿವೆಯೋ ಅಷ್ಟರಿಂದ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣವನ್ನು ಎತ್ತಬೇಕು. ಎತ್ತುವವನು ತಿರುಮಲೆಯ ತಾತಯ್ಯ, ಶ್ರೀವೈಷ್ಣವ ಮುಖ್ಯ. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತು ಮಾಡಿಸಬೇಕು. ಚಂದ್ರ ಸೂರ್ಯರಿರುವವರೆಗೆ ಇದು ವರ್ಷವರ್ಷವೂ ನಡೆಯತಕ್ಕದ್ದು. ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಕೆಡಿಸಿದವನು ತಪಸ್ವಿಯಾದರೂ ಗ್ರಾಮದ ಮುಖ್ಯನಾದರೂ ಗಂಗೆಯ ತಡಿಯಲ್ಲಿ ಗೋವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಹೋಗುತ್ತಾನೆ.

ಮೊದಲ ಓದಿನಲ್ಲಿ ಈ ಭಾಗ ನನಗೆ ಕಹಿಯಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅನ್ಯಾಯಕ್ಕೆ ಒಳಗಾದವರು ಜೈನರು, ಕಾವಲಿನ ಖರ್ಚು ಹೊರಬೇಕಾದವರೂ ಜೈನರೇ. ಹೊಡೆಸಿಕೊಂಡವನಿಂದಲೇ ಲಾಠಿಯ ಬೆಲೆ ವಸೂಲು ಮಾಡಿದಂತಲ್ಲವೇ? ಶಾಸನದ ಆರಂಭದಲ್ಲಿರುವುದು ರಾಮಾನುಜರ ಸ್ತುತಿ ಎಂಬುದನ್ನೂ ಮರೆಯಬಾರದು. ನಮಗೆ ರಕ್ಷಣೆ ದೊರೆತದ್ದು ನಮ್ಮ ಭಾಷೆಯಲ್ಲಲ್ಲ, ನಮ್ಮ ಪ್ರತಿಪಕ್ಷದ ಭಾಷೆಯಲ್ಲಿ. ಇದನ್ನು ಸಮಾನರ ನಡುವಿನ ಒಡಂಬಡಿಕೆ ಎಂದು ವರ್ಣಿಸುವವರು ಸ್ವಲ್ಪ ಉತ್ಸಾಹದಿಂದ ಮಾತನಾಡುತ್ತಾರೆಂದೇ ನನ್ನ ಎಣಿಕೆ.

ಆದರೆ ಖಾತೆಯನ್ನು ಇನ್ನೊಮ್ಮೆ ತಿರುವಿ ನೋಡಿದಾಗ ಬೇರೆಯೇ ಒಂದು ಚಿತ್ರ ಕಾಣುತ್ತದೆ. ಹಣ ನಮ್ಮದು, ಆದರೆ ಅದಕ್ಕೆ ಉತ್ತರ ಹೇಳಬೇಕಾದವನು ತಾತಯ್ಯ. ಬೆಳಗೊಳದಲ್ಲಿ ಕಾವಲು ತಪ್ಪಿದರೆ, ಕಳ್ಳತನವಾದರೆ, ಸುಣ್ಣ ಕಾಣದ ಬಸದಿ ಕುಸಿದರೆ, ಪ್ರಶ್ನೆ ಜೈನರಿಗೆ ಬರುವುದಿಲ್ಲ. ಯಾರ ಕಡೆಯವರಿಂದ ಅಪಾಯವಿತ್ತೋ ಅವರ ಮುಖ್ಯನನ್ನೇ ರಕ್ಷಣೆಯ ನಿಧಿಗೆ ಧರ್ಮದರ್ಶಿಯನ್ನಾಗಿ ಮಾಡಿದಂತಾಯಿತು. ಬರಿಯ ಕರುಣೆಯ ಮಾತಾಗಿದ್ದರೆ ಬುಕ್ಕನೊಡನೆ 1377ರಲ್ಲಿಯೇ ಅದು ಮುಗಿಯುತ್ತಿತ್ತು. ವರ್ಷವರ್ಷವೂ ಬರುವ ಹುಟ್ಟುವಳಿ, ಹೆಸರು ಹಿಡಿದು ಹೇಳಿದ ಹೊಣೆಗಾರ, ಎಣಿಸಿ ಹೇಳಿದ ಆಳುಗಳು, ಮಿಕ್ಕ ಹಣದ ವಿನಿಯೋಗ — ಇವಿಷ್ಟನ್ನೂ ಕಲ್ಲಿನ ಮೇಲೆ ಬರೆಸಿದವರ ನಡುವೆ ವ್ಯವಹಾರ ಬಲ್ಲ ಒಬ್ಬನಾದರೂ ಇದ್ದಿರಲೇಬೇಕು. ಇದ್ದನು ಕೂಡ. ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ ತಿರುಮಲೆಯ ತಾತಯ್ಯನನ್ನು ಬರಮಾಡಿಸಿ ಜೀರ್ಣೋದ್ಧಾರ ಮಾಡಿಸಿದನೆಂದೂ, ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಶಾಸನದ ಕೊನೆಯಲ್ಲಿದೆ. ಉಭಯ ಸಮಯದವರು ಎಂಬ ಮಾತನ್ನು ಗಮನಿಸಬೇಕು. ವೈಷ್ಣವರೂ ಕೂಡಿ ಒಬ್ಬ ಜೈನ ವರ್ತಕನಿಗೆ ಪಟ್ಟ ಕಟ್ಟಿದರು.

ಇದರ ಫಲವನ್ನು ಅಳೆಯುವುದು ಕಷ್ಟ. ಹದಿನೇಳು ವರ್ಷಗಳ ಅನಂತರ, 1385ರಲ್ಲಿ, ದಂಡನಾಯಕ ಇರುಗಪ್ಪನು ರಾಜಧಾನಿಯಲ್ಲಿಯೇ ಕುಂಥುನಾಥ ತೀರ್ಥಂಕರರ ಚೈತ್ಯಾಲಯವನ್ನು ಕಟ್ಟಿಸಿದನು. ಹಂಪಿಯಲ್ಲಿ ಇಂದು ಗಾಣಗಿತ್ತಿ ಗುಡಿ ಎಂದು ಕರೆಯುವುದು ಅದನ್ನೇ. ವಾದ್ಯ ಊದಲು ಅಪ್ಪಣೆ ಬೇಡಿದ ಜನರ ದಂಡನಾಯಕನೊಬ್ಬನು ವಿಜಯನಗರದಲ್ಲಿ ದೀಪಸ್ತಂಭ ನಿಲ್ಲಿಸಿದನೆಂದರೆ 1368ರ ಹಣ ವ್ಯರ್ಥವಾಗಲಿಲ್ಲ.

ಹೋಲಿಕೆಗಾಗಿ ಹಳೇಬೀಡಿನ 1638ರ ಪ್ರಸಂಗವನ್ನು ಸಂಕ್ಷೇಪವಾಗಿ ಹೇಳಬೇಕು. ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದ ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವರೆಂಬವರು ಲಿಂಗಮುದ್ರೆಯನ್ನು ಒತ್ತಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ದೊಡ್ಡ ಕಲಹವಾಗುವುದರಲ್ಲಿತ್ತು. ಆಗ ಬೇಲೂರು ಸೀಮೆಯನ್ನು ಆಳುತ್ತಿದ್ದವನು ವೆಂಕಟಾದ್ರಿ ನಾಯಕ. ವೀರಶೈವ ಹಿರಿಯರೇ ಕುಳಿತು ತೀರ್ಮಾನ ಮಾಡಿದರು: ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಅನಂತರ ತಮ್ಮ ಪೂಜೆ ಉತ್ಸವಗಳನ್ನು ಹಿಂದಿನಂತೆಯೇ ನಡೆಸಿಕೊಳ್ಳಬಹುದು; ಇದಕ್ಕೆ ಅಡ್ಡಿ ಮಾಡಿದವನು ಶಿವದ್ರೋಹಿ. ಬುಕ್ಕನ ನಿರ್ಣಯಕ್ಕಿಂತ ಇದು ನಮಗೆ ಕಡಿಮೆ ಲಾಭದ ಒಪ್ಪಂದವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇಲ್ಲಿ ಅರಸನ ಗದರಿಕೆ ಇರಲಿಲ್ಲ. ತಮ್ಮವನೇ ತಪ್ಪಿದರೆ ಅವನನ್ನು ಶಿವದ್ರೋಹಿ ಎಂದು ಕರೆಯುವ ಧೈರ್ಯವನ್ನು ಬಹುಸಂಖ್ಯಾತರ ಹಿರಿಯರು ತಾವಾಗಿಯೇ ತೋರಿಸಿದರು. ಅದು ಯಾವ ಕಾಲದಲ್ಲಿಯೂ ಸುಲಭದ ಕೆಲಸವಲ್ಲ.

ಇವೆರಡೂ ಇದ್ದ ಊರಿನಲ್ಲಿಯೇ ಉಳಿದವರ ಕಥೆ. ಊರನ್ನೇ ಬಿಡಬೇಕಾಗಿ ಬಂದವರ ಸ್ಥಿತಿ ಬೇರೆ. ನಮ್ಮ ಸಮಾಜಕ್ಕೆ ಅದರ ಅನುಭವವೂ ಇಲ್ಲದಿಲ್ಲ, ಕನ್ನಡ ನಾಡಿನ ನಮಗೆ ಅದು ದೂರದ ಸುದ್ದಿಯಾಗಿ ತಲುಪಿತು ಅಷ್ಟೆ. 1947ರ ಚಾತುರ್ಮಾಸದಲ್ಲಿ ಆಚಾರ್ಯ ವಿಜಯವಲ್ಲಭ ಸೂರಿಗಳು ಪಂಜಾಬಿನ ಗುಜರಾನ್‌ವಾಲಾದಲ್ಲಿದ್ದರು. ಅವರ ಗುರುಗಳಾದ ಆತ್ಮಾರಾಮಜಿಯವರು 1896ರಲ್ಲಿ ಕಾಲವಾದದ್ದು ಅದೇ ಊರಿನಲ್ಲಿ, ಸಮಾಧಿಯೂ ಅಲ್ಲಿಯೇ. ದೇಶ ವಿಭಜನೆಯಾಗಿ ಆ ಊರು ಪಾಕಿಸ್ತಾನಕ್ಕೆ ಸೇರಿತು. ಎಪ್ಪತ್ತು ದಾಟಿದ ಆ ವೃದ್ಧ ಮುನಿಗಳು ತಾವೊಬ್ಬರೇ ಹೊರಟುಬರಲು ಒಪ್ಪದೆ, ಶ್ರಾವಕ ಕುಟುಂಬಗಳೊಡನೆಯೇ ಸೆಪ್ಟೆಂಬರಿನಲ್ಲಿ ಗಡಿ ದಾಟಿ ಅಮೃತಸರವನ್ನು ಮುಟ್ಟಿದರು. ಮುಲ್ತಾನದ ದಿಗಂಬರರು ಜಿನಬಿಂಬಗಳನ್ನು ಹೊತ್ತು ಬಂದರು. ಜಯಪುರದ ಆದರ್ಶನಗರದಲ್ಲಿ ಮುಲ್ತಾನದವರ ಜಿನಾಲಯವನ್ನು ಇಂದಿಗೂ ನೋಡಬಹುದು. ಬಂದವರಿಗೆ ಆವಾಸದಾನ ಮಾಡಿದವರೆಲ್ಲ ಜೈನರೇ ಆಗಿರಲಿಲ್ಲ.

ಹದಿಮೂರು ವರ್ಷಗಳ ಅನಂತರ ನಮ್ಮ ಮೈಸೂರು ರಾಜ್ಯದ ಸರದಿ ಬಂತು. 1959ರ ಮಾರ್ಚ್ 17ರ ರಾತ್ರಿ ದಲೈಲಾಮಾ ಲಾಸಾವನ್ನು ಬಿಟ್ಟು ಹೊರಟು, 31ರಂದು ಭಾರತದ ಗಡಿಯನ್ನು ಪ್ರವೇಶಿಸಿದರು. ಅವರ ಹಿಂದೆ ಸಾವಿರ ಸಾವಿರ ಜನ ಬಂದರು. ಅಸ್ಸಾಮಿನ ಮಿಸ್ಸಮಾರಿಯಲ್ಲಿ ಬಿದಿರಿನ ಗುಡಿಸಲುಗಳ ಬಿಡಾರ. ಬಂಗಾಳದ ಬಕ್ಸಾದ ಹಳೆಯ ಕೋಟೆಯಲ್ಲಿ ಭಿಕ್ಷುಗಳ ವಸತಿ. ಹಿಮದ ನಾಡಿನವರು ಬಯಲಿನ ಸೆಕೆಯಲ್ಲಿ ಬೆಂದರು, ಕ್ಷಯಕ್ಕೆ ತುತ್ತಾದರು. ಎಷ್ಟೋ ಮಂದಿ ಹಿಮಾಲಯದ ರಸ್ತೆ ಕೆಲಸಕ್ಕೆ ಹೋಗಿ ಕಲ್ಲು ಒಡೆದರು. ಇವರಿಗೆ ನೆಲ ಕೊಡಬಲ್ಲಿರಾ ಎಂದು ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಗೇಣಿಗೆ ಕೊಟ್ಟಿತು. 1960ರ ಡಿಸೆಂಬರಿನಲ್ಲಿ ಮೊದಲ ತಂಡ ಬಂದಿಳಿಯಿತು. ತಲೆಗೆ ಒಂದು ಎಕರೆ, ಐವರ ಕುಟುಂಬಕ್ಕೆ ಐದು ಎಕರೆ ಎಂಬ ಲೆಕ್ಕ. ಮರ ಕಡಿದು, ಬೇರು ಕಿತ್ತು, ಆನೆಗಳಿಗೆ ಹೆದರಿ ರಾತ್ರಿ ಕಳೆದು, ಕಂಡರಿಯದ ಕೆಮ್ಮಣ್ಣಿನಲ್ಲಿ ಮುಸುಕಿನ ಜೋಳವನ್ನು ಬೆಳೆಯುವುದನ್ನು ಅವರು ಕಲಿತರು. 1966ರಲ್ಲಿ ಮುಂಡಗೋಡ, ತರುವಾಯ ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ ಹೀಗೆ ನೆಲೆಗಳು ಹೆಚ್ಚಿದವು. ಬಕ್ಸಾದಲ್ಲಿದ್ದ ಭಿಕ್ಷುಗಳು ಬಂದು ಬೈಲಕುಪ್ಪೆಯಲ್ಲಿ ಸೆರಾ, ಮುಂಡಗೋಡಿನಲ್ಲಿ ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳನ್ನು ಮತ್ತೆ ಎತ್ತಿದರು.

ಇದಕ್ಕಾಗಿ ಟಿಬೆಟಿನವರು ಕೃತಜ್ಞತೆಯಿಂದ ನೆನೆಯುವುದು ಎಸ್. ನಿಜಲಿಂಗಪ್ಪನವರನ್ನು. ಅದು ಯುಕ್ತವೇ. ಮುಂಡಗೋಡಿನ ಕಾಲಕ್ಕೆ ಮುಖ್ಯಮಂತ್ರಿಯಾಗಿದ್ದವರು ಅವರೇ. ಆದರೆ 1960ರಲ್ಲಿ ಮೊದಲ ತಂಡ ಬೈಲಕುಪ್ಪೆಗೆ ಬಂದಾಗ ಆ ಸ್ಥಾನದಲ್ಲಿದ್ದವರು ಬಿ. ಡಿ. ಜತ್ತಿಯವರು. ಒಬ್ಬರ ಖಾತೆಗೆ ಇನ್ನೊಬ್ಬರ ಪಾಲೂ ಜಮೆಯಾಗಿದೆ. ಇತಿಹಾಸದಲ್ಲಿ ಇಂಥ ತಪ್ಪು ನಮೂದುಗಳು ಸಾಮಾನ್ಯ, ತಿದ್ದುವುದರಿಂದ ಯಾರಿಗೂ ನಷ್ಟವಿಲ್ಲ.

ನಮ್ಮಲ್ಲೇ ಭೂಮಿಯಿಲ್ಲದ ಬಡವರಿರುವಾಗ ಹೊರಗಿನವರಿಗೆ ಏಕೆ ಎಂಬ ಮಾತು ಅಂದೂ ಇತ್ತು, ಇಂದೂ ಇದೆ. ಅದನ್ನು ದ್ವೇಷದ ಮಾತೆಂದು ತಳ್ಳಿಹಾಕುವುದು ಸರಿಯಲ್ಲ. ತಲೆತಲಾಂತರದಿಂದ ಕೂಲಿ ಮಾಡುತ್ತಿದ್ದವನ ಕಣ್ಣೆದುರಿಗೆ ಬೇರೆಯವರಿಗೆ ಎಕರೆ ಅಳೆದು ಕೊಟ್ಟಾಗ ಅವನ ಹೊಟ್ಟೆ ಉರಿದರೆ ಅದು ಸಹಜ. ಅದಕ್ಕೆ ಉತ್ತರವಿರುವುದು ಅವನಿಗೂ ಭೂಮಿ ಕೊಡುವುದರಲ್ಲಿ, ಬಂದವನಿಂದ ಕಿತ್ತುಕೊಳ್ಳುವುದರಲ್ಲಿ ಅಲ್ಲ.

ಇಲ್ಲಿ ವ್ಯಾಪಾರದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಬೆಳೆ ಮುಗಿದ ಮೇಲೆ ಚಳಿಗಾಲದಲ್ಲಿ ಟಿಬೆಟಿನವರು ಊರೂರಿನ ಬೀದಿಗಳಲ್ಲಿ ಸ್ವೆಟರ್ ಮಾರುವುದನ್ನು ನಾವೆಲ್ಲ ನೋಡಿದ್ದೇವೆ. ಆ ಸರಕಿನ ಬಹುಭಾಗ ಬರುವುದು ಪಂಜಾಬಿನ ಲೂಧಿಯಾನದಿಂದ. ಅಲ್ಲಿಯ ಉಣ್ಣೆಬಟ್ಟೆಯ ತಯಾರಕರು, ಅವರಲ್ಲಿ ಓಸವಾಲ ಜೈನರೂ ಹಲವರು, ಈ ನಿರಾಶ್ರಿತರಿಗೆ ಸರಕನ್ನು ಸಾಲವಾಗಿ ಕೊಡುತ್ತ ಬಂದಿದ್ದಾರೆ. ಋತು ಮುಗಿದ ಮೇಲೆ ಹಣ ಬರುತ್ತದೆ. ಅಡಮಾನವಿಡಲು ಸ್ವಂತ ನೆಲವಿಲ್ಲದವನಿಗೆ ಮಾತಿನ ಮೇಲೆ ಸರಕು ಕೊಡುವುದನ್ನು ಯಾವ ಬ್ಯಾಂಕೂ ಮಾಡದು. ಇದನ್ನು ದಾನವೆಂದು ಕರೆದರೆ ಎರಡು ಕಡೆಯವರೂ ನಕ್ಕಾರು, ಏಕೆಂದರೆ ಇದರಲ್ಲಿ ಇಬ್ಬರಿಗೂ ಲಾಭವಿದೆ. ಆದರೂ ಬುಸುವಿಸೆಟ್ಟಿ ಇದ್ದಿದ್ದರೆ ಮೆಚ್ಚುತ್ತಿದ್ದನೆಂದು ನನಗನಿಸುತ್ತದೆ. ಪಡೆಯುವವನ ಕೈ ಯಾವಾಗಲೂ ಕೆಳಗೇ ಇರಬೇಕಾದ ರಕ್ಷಣೆ ಬಹುಕಾಲ ನಡೆಯುವುದಿಲ್ಲ. ಮನೆಗೊಂದು ಹಣವನ್ನು ಕೊಟ್ಟವನು ತಾತಯ್ಯನನ್ನು ಲೆಕ್ಕ ಕೇಳಬಲ್ಲವನಾಗಿದ್ದನು.

ಬೌದ್ಧರೊಡನೆ ನಮ್ಮ ಹಳೆಯ ಲೆಕ್ಕವೂ ಒಂದಿದೆ. ಅಕಲಂಕ ನಿಷ್ಕಳಂಕರ ಕಥೆಯನ್ನು ಕೇಳದ ಜೈನ ಬಾಲಕನಿಲ್ಲ. ಬೌದ್ಧ ಮಠದಲ್ಲಿ ವೇಷ ಮರೆಸಿ ಓದಿದ ಅಣ್ಣತಮ್ಮಂದಿರು, ಗುಟ್ಟು ಬಯಲಾಗಿ ಓಡಿದ್ದು, ಅಣ್ಣನನ್ನು ಉಳಿಸಲು ತಮ್ಮನು ಪ್ರಾಣ ಕೊಟ್ಟದ್ದು, ಇದೆಲ್ಲ ನಮ್ಮ ಎಳವೆಯ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿದೆ. ಕಥೆ ಕಥೆಯಾಗಿ ಇರಲಿ. ಬಾಗಿಲಲ್ಲಿ ನಿಂತ ಹುಡುಗನಿಗೆ ಅದರ ಸಾಲವನ್ನು ವಸೂಲು ಮಾಡುವುದು ನ್ಯಾಯವಲ್ಲ. ಹಾಗೆ ವಸೂಲು ಮಾಡಿದವರಲ್ಲಿ ನಾನೂ ಒಬ್ಬ. ಆದ್ದರಿಂದಲೇ ಈ ಲೇಖನ.

1993ರ ಬೇಸಿಗೆಯಲ್ಲಿ ನಮ್ಮ ಊರಿನ ಧರ್ಮಶಾಲೆಗೆ ಟಿಬೆಟ್ ಶಿಬಿರದ ಆರು ಜನ ವಿದ್ಯಾರ್ಥಿಗಳು ಪರೀಕ್ಷೆ ಬರೆಯುವ ಸಲುವಾಗಿ ಬಂದು, ಹತ್ತು ದಿನಕ್ಕೆ ಎರಡು ಕೋಣೆ ಕೇಳಿದರು. ಬಾಡಿಗೆ ಕೊಡಲು ಸಿದ್ಧರಿದ್ದರು. ನಾನು ಆಗ ಸಮಿತಿಯ ಖಜಾಂಚಿ. ಬಿ.ಕಾಂ. ಓದಿದವನೆಂದು ನಡಾವಳಿ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಅವರು ಮಾಂಸಾಹಾರಿಗಳು ಎಂಬ ಆಕ್ಷೇಪಣೆ ಬಂತು. ಕಟ್ಟಡದ ಒಳಗೆ ಅಂಥದ್ದೇನನ್ನೂ ತರುವುದಿಲ್ಲವೆಂದು ಹುಡುಗರು ಹೇಳಿದರು. ಸಭೆಯಲ್ಲಿ ಒಬ್ಬ ಹಿರಿಯರು, ‘ಒಳಗೆ ತರುವುದಿಲ್ಲವೆಂದರೆ ಸಾಲದೇ?’ ಎಂದು ಕೇಳಿದರು. ಉಳಿದ ನಾವು ಸುಮ್ಮನಿದ್ದೆವು. ಜೈನೇತರರಿಗೆ ಕೋಣೆ ಕೊಡತಕ್ಕದ್ದಲ್ಲ ಎಂಬ ನಿಯಮ ಅದುವರೆಗೆ ಇರಲಿಲ್ಲ. ಅಂದು ಮಾಡಿದೆವು, ನಾನೇ ಬರೆದೆ. ಆ ವರ್ಷವೇ ಸಮಿತಿಯ ಅನೇಕ ಸದಸ್ಯರು ಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೊರಡುವ ಸಿದ್ಧತೆಯಲ್ಲಿದ್ದರು. ಡಿಸೆಂಬರಿನಲ್ಲಿ ನಾವೆಲ್ಲ ಹೋದೆವು. ಭಂಡಾರಿ ಬಸದಿಯ ಆ ಕಲ್ಲಿನ ಪಕ್ಕದಲ್ಲಿಯೇ ಸರತಿಯಲ್ಲಿ ನಿಂತೆವು.

ಹುಡುಗರು ಆ ಹತ್ತು ದಿನ ಎಲ್ಲಿ ತಂಗಿದರೆಂಬುದನ್ನು ನಾನು ವಿಚಾರಿಸಲಿಲ್ಲ.

ಅವರ ಕಾನೂನಿನ ಸ್ಥಿತಿಯನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. ನಿರಾಶ್ರಿತರ ಬಗೆಗಿನ 1951ರ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತವು ಸಹಿ ಹಾಕಿಲ್ಲ. ಆಶ್ರಯ ಕೊಟ್ಟಿರುವುದು ನಮ್ಮ ಸರ್ಕಾರಗಳ ಔದಾರ್ಯದಿಂದಲೇ ಹೊರತು ಕಾನೂನಿನ ಕಟ್ಟಿನಿಂದಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದ ಟಿಬೆಟಿನವರು ಜನ್ಮತಃ ಭಾರತೀಯರೆಂದು ದೆಹಲಿಯ ಉಚ್ಚ ನ್ಯಾಯಾಲಯವು 2010ರಲ್ಲಿಯೂ ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿಯೂ ಹೇಳಿದವು. ಅನಂತರ ಹುಟ್ಟಿದವರ ನೆಲೆ ನೋಂದಣಿ ಪತ್ರದ ನವೀಕರಣದ ಮೇಲೆ ನಿಂತಿದೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯು ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ 2014ರ ಅಂತ್ಯದೊಳಗೆ ಬಂದವರನ್ನು ಕುರಿತದ್ದು. ಅದು ಹೆಸರಿಸುವ ಆರು ಧರ್ಮಗಳಲ್ಲಿ ಬೌದ್ಧರೂ ಇದ್ದಾರೆ, ಜೈನರೂ ಇದ್ದಾರೆ; ಟಿಬೆಟು ಆ ದೇಶಗಳ ಪಟ್ಟಿಯಲ್ಲಿಲ್ಲ. ಕಾಯ್ದೆಯಲ್ಲಿ ನಮ್ಮ ಹೆಸರು ಬಂದಿತೆಂದು ನಮ್ಮ ಕೆಲವು ಪತ್ರಿಕೆಗಳು ಸಂತೋಷಪಟ್ಟವು. ಹೆಸರು ಬಾರದವರನ್ನು ಕುರಿತೂ ಒಂದು ಸಾಲು ಬರೆಯಬಹುದಾಗಿತ್ತು.

ನಡಾವಳಿಯ ಆ ಪುಸ್ತಕ ಇಂದಿಗೂ ಸಮಿತಿಯ ಕಪಾಟಿನಲ್ಲಿದೆ. ನನ್ನ ಅಕ್ಷರ ಆಗ ಈಗಿನದಕ್ಕಿಂತ ಚೆನ್ನಾಗಿತ್ತು. ಮುಂದಿನ ವಾರ್ಷಿಕ ಸಭೆಗೆ ನಾನೊಂದು ಲಿಖಿತ ಸೂಚನೆಯನ್ನು ಕಳುಹಿಸಿದ್ದೇನೆ. 1993ರ ನಿಯಮವನ್ನು ರದ್ದುಪಡಿಸಬೇಕು. ಕಟ್ಟಡದೊಳಗೆ ಆಹಾರ ನಿಯಮವನ್ನು ಪಾಲಿಸುವ ಯಾರಿಗೇ ಆಗಲಿ ಮತವನ್ನು ಕೇಳದೆ ಕೋಣೆ ಕೊಡಬೇಕು. ಆಪತ್ತಿನಲ್ಲಿ ನೆಲೆ ಬಿಟ್ಟು ಬಂದವರಿಗಾಗಿ ಎರಡು ಕೋಣೆಗಳನ್ನು ವರ್ಷವಿಡೀ ಮೀಸಲಿಡಬೇಕು. ಆ ಕೋಣೆಗಳ ಸುಣ್ಣ, ದುರಸ್ತಿ, ಕಾವಲಿನ ಖರ್ಚಿಗೆ ಸದಸ್ಯರ ಮನೆಯೊಂದಕ್ಕೆ ವರ್ಷಕ್ಕೆ ನೂರು ರೂಪಾಯಿ ಎಂದು ಬರೆದು, ನಮ್ಮ ಊರಿನ 140 ಮನೆಗಳಿಗೆ ಲೆಕ್ಕ ಹಾಕಿ ಅಂದಾಜು ಪಟ್ಟಿಯನ್ನು ಲಗತ್ತಿಸಿದ್ದೇನೆ. ಲೆಕ್ಕ ನೋಡಿಕೊಳ್ಳಲು ನಮ್ಮ ಸಮಾಜದ ಹೊರಗಿನವರೊಬ್ಬರನ್ನು ಕೇಳಿಕೊಳ್ಳಬೇಕೆಂಬುದನ್ನೂ ಸೇರಿಸಿದ್ದೇನೆ. ಈ ಕೊನೆಯ ಅಂಶಕ್ಕೆ ಈಗಾಗಲೇ ವಿರೋಧ ಬಂದಿದೆ.